ಸೊನ್ನೆ ಕಿಲೋಮೀಟರ್ ವೇಗದ ತಿರುವು

ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗುವ ದಾರಿಯಲ್ಲಿ ನಮ್ಮೂರ ತಿರುವಿದೆ. ಶನಿವಾರ ಬಂತೆಂದರೆ ಅಲ್ಲಿ ರಸ್ತೆ ದಾಟುವವರು ಮನೆದೇವರನ್ನು ನೆನೆದೇ ಕಾಲಿಡುತ್ತಾರೆ. ಪ್ರವಾಸಿಗರನ್ನೂ ಬೈಯುವಂತಿಲ್ಲ. ಬೆಳಗ್ಗೆ ದುಬಾರೆಯಲ್ಲಿ ಆನೆ ಸ್ನಾನ, ಮಧ್ಯಾಹ್ನ ತಲಕಾವೇರಿ, ಸೂರ್ಯ ಮುಳುಗುವ ಮೊದಲು ರಾಜಾಸೀಟು. ಮೆಲ್ಲಗೆ ಹೋದರೆ ಸೂರ್ಯ ಕಾಯ್ತಾನಾ?

ಒಂದು ಹಂಪ್ ಹಾಕಿಸಿ ಕೊಡಿ ಅಂತ ಅಧಿಕಾರಿಗಳನ್ನು ಕೇಳಿದೆವು. "ವೇಗ ಜಾಸ್ತಿ ಅನ್ನೋದಕ್ಕೆ ಅಂಕಿ ಎಲ್ಲಿ?" ಎಂದರು. ಹಾಗಾಗಿ ವೇಗ ಅಳೆಯಲು ಒಂದು ಸಮಿತಿ ಆಯಿತು. ಒಬ್ಬ ಅಧ್ಯಕ್ಷರು, ಒಬ್ಬ ಕಂಟ್ರಾಕ್ಟರು, ಇಂಜಿನಿಯರಿಂಗ್ ಓದುತ್ತಿರುವ ಒಬ್ಬ ಹುಡುಗ. ಷರತ್ತು ಒಂದೇ: ಸೆನ್ಸರ್ ಅಗ್ಗ ಇರಬೇಕು.

ಮೊದಲು ಬಂದದ್ದು, ಕಿವಿಗೆ ಕೇಳದ ಸದ್ದು ಬಿಟ್ಟು ದೂರ ಅಳೆಯುವ ಎರಡು ಕಣ್ಣಿನ ಅಲ್ಟ್ರಾಸಾನಿಕ್ ಸೆನ್ಸರ್. ನೂರಿನ್ನೂರು ರೂಪಾಯಿ ಅಂದ ಕೂಡಲೇ ಅಧ್ಯಕ್ಷರಿಗೆ ಅದರ ಮೇಲೆ ಪ್ರೀತಿ ಹುಟ್ಟಿತು. ಆದರೆ ನಾಲ್ಕು ಮೀಟರ್ ಆಚೆ ಅದಕ್ಕೆ ಲೋಕವೇ ಇಲ್ಲ. ಒಂದು ದಿನ ಪೂರ್ತಿ ಇಟ್ಟು ನೋಡಿದರೆ, ರಸ್ತೆ ಅಂಚಿನಲ್ಲಿ ಮೆಲುಕು ಹಾಕುತ್ತಿದ್ದ ಹಸುವಿನ ಲೆಕ್ಕ ಮಾತ್ರ ಪಕ್ಕಾ ಸಿಕ್ಕಿತು.

ಹುಡುಗ ಇನ್ನೊಂದು ದಾರಿ ಹೇಳಿದ. ರಸ್ತೆಗೆ ಅಡ್ಡಲಾಗಿ ಎರಡು ಇನ್‌ಫ್ರಾರೆಡ್ ಕಿರಣ, ನಡುವೆ ಎರಡು ಮೀಟರ್ ಅಂತರ. ಒಂದನ್ನು ಕಡಿದ ಗಾಡಿ ಇನ್ನೊಂದನ್ನು 0.12 ಸೆಕೆಂಡಿನಲ್ಲಿ ಕಡಿದರೆ ವೇಗ ಗಂಟೆಗೆ 60 ಕಿಲೋಮೀಟರ್. ದಟ್ಟ ಮಂಜಿನಲ್ಲಿ ತಕರಾರು ಮಾಡಬಹುದು, ಉಳಿದಂತೆ ಸರಳ. ಅಧ್ಯಕ್ಷರು ಯೋಚಿಸಿ ಕೇಳಿದರು: "ಎರಡು ಯಾಕಪ್ಪಾ? ಒಂದೇ ಹಾಕಿದ್ರೆ ಅರ್ಧ ದುಡ್ಡು ಉಳಿಯಲ್ವಾ?"

ರಸ್ತೆ ಕೊರೆದು ತಂತಿಯ ಸುರುಳಿ ಹೂಳುವ ಪದ್ಧತಿಯೂ ಇದೆ ಅಂದಾಗ, ಅಲ್ಲಿವರೆಗೆ ತೂಕಡಿಸುತ್ತಿದ್ದ ಕಂಟ್ರಾಕ್ಟರು ಎದ್ದು ಕೂತರು. ಖರ್ಚು ಕೇಳಿ ಅಧ್ಯಕ್ಷರು ಅದನ್ನು ಅಲ್ಲೇ ಹೂತರು.

ಕೊನೆಗೆ ಗೆದ್ದದ್ದು ಎಚ್‌ಬಿ100 ಎಂಬ ಪುಟ್ಟ ರಾಡಾರ್. 10.525 ಗಿಗಾಹರ್ಟ್ಸ್ ಅಲೆ ಬಿಡುತ್ತದೆ. ಎದುರು ಬರುವ ಗಾಡಿಗೆ ಬಡಿದು ವಾಪಸ್ ಬಂದ ಅಲೆಯಲ್ಲಿ, ಪ್ರತಿ ಕಿಲೋಮೀಟರ್ ವೇಗಕ್ಕೆ ಸುಮಾರು 19.5 ಹರ್ಟ್ಸ್ ವ್ಯತ್ಯಾಸ. ಅದನ್ನು ಎಣಿಸಿದರೆ ಆಯಿತು. ಸಂಕೇತ ತೀರಾ ಸಣ್ಣದು, ಆಂಪ್ಲಿಫೈಯರ್ ಬೇಕು. ಅದನ್ನು ಹುಡುಗ ತನ್ನ ಜೇಬಿನಿಂದಲೇ ತಂದ. (ಬಿಲ್ ಇನ್ನೂ ಪಾಸಾಗಿಲ್ಲ.)

"ಸಾರ್, ಇದು ಗಾಡಿ ಬರೋ ದಿಕ್ಕಿಗೇ ನೋಡ್ಬೇಕು" ಎಂದ ಹುಡುಗ. "60 ಡಿಗ್ರಿ ಓರೆ ಇಟ್ರೆ, 80ರಲ್ಲಿ ಬಂದದ್ದು 40 ಅಂತ ತೋರಿಸುತ್ತೆ. ಪೂರ್ತಿ ಅಡ್ಡ ಇಟ್ರೆ ಸೊನ್ನೆ."

ದಿಕ್ಕಿಗೆ ನೋಡಬೇಕಾದರೆ ಕಂಬ ಬೇಕು. ಕಂಬಕ್ಕೆ ಬೇರೆ ಎಸ್ಟಿಮೇಟ್, ಬೇರೆ ಟೆಂಡರ್. ಚಹಾ ಅಂಗಡಿಯ ಗೋಡೆ ಬಿಟ್ಟಿ, ಪಕ್ಕದಲ್ಲೇ ಪ್ಲಗ್ ಪಾಯಿಂಟ್. ರಾಡಾರ್ ಅಲ್ಲೇ ನೇತಾಡಿತು, ರಸ್ತೆಗೆ ಪೂರ್ತಿ ಅಡ್ಡವಾಗಿ. ಅದೂ ಜುಲೈ ತಿಂಗಳಲ್ಲಿ, ದಿನಕ್ಕೆ ಮೂರು ಗಂಟೆ ಕರೆಂಟ್ ಇದ್ದರೆ ಹಬ್ಬ ಅನ್ನುವ ಕಾಲದಲ್ಲಿ.

ಒಂದು ತಿಂಗಳು ಅಳೆದರು. ಹಾರ್ನ್ ಹೊಡೆದುಕೊಂಡು ಹಾರಿ ಹೋದ ಜೀಪು, ಕಾರುಗಳೆಲ್ಲ ಎರಡೋ ಮೂರೋ ಕಿಲೋಮೀಟರ್ ವೇಗದ ಸಾಧುಗಳಾದವು. ಗಾಳಿಗೆ ತೂಗಿದ ಸಿಲ್ವರ್ ಓಕ್ ಕೊಂಬೆ ಅವುಗಳನ್ನು ಸಲೀಸಾಗಿ ಹಿಂದೆ ಹಾಕಿತ್ತು. ಆದರೆ ದಿನಾ ಬೆಳಗ್ಗೆ ಏಳಕ್ಕೆ ಸರಿಯಾಗಿ ಒಂದು 22 ದಾಖಲಾಗುತ್ತಿತ್ತು. ಅಧ್ಯಕ್ಷರು ಗಂಭೀರರಾದರು. ಯಾರದು ಈ ಗಾಡಿ?

ವಿಚಾರಿಸಿದರೆ ಅಂಗಡಿಯ ನಾಯಿ. ಅಂಗಡಿಯಣ್ಣ ಬಿಸ್ಕತ್ತಿನ ಪೊಟ್ಟಣ ಒಡೆದ ಸದ್ದಿಗೆ ಎದುರಿನ ಕಾಫಿ ತೋಟದಿಂದ ಓಡಿ ಬರುತ್ತದೆ. ಇಡೀ ಊರಿನಲ್ಲಿ ರಾಡಾರ್‌ಗೆ ಮುಖ ಕೊಟ್ಟು ಓಡುವುದು ಅದೊಂದೇ, ಪಾಪ.

ವರದಿ ಮೊನ್ನೆ ಬಂತು. ಚಹಾ ಅಂಗಡಿಯ ಗೋಡೆಗೇ ಅಂಟಿಸಿದ್ದಾರೆ, ರಾಡಾರ್‌ನ ಕೆಳಗೆ:

"ಸದರಿ ತಿರುವಿನಲ್ಲಿ ವಾಹನಗಳ ವೇಗವು ಮಿತಿಯೊಳಗಿರುವುದರಿಂದ ಹಂಪ್‌ನ ಅಗತ್ಯ ಕಂಡುಬಂದಿರುವುದಿಲ್ಲ. ನಾಯಿಯನ್ನು ಕಟ್ಟಿಹಾಕತಕ್ಕದ್ದು."