ಬೇಸಿಗೆ ರಜೆಗೆ ಲೈಬ್ರರಿ ಬೀರು ಮುಚ್ಚಬೇಡಿ

ದಾವಣಗೆರೆ, ಚಿತ್ರದುರ್ಗದ ಕಡೆಯ ಶಾಲೆಗಳಲ್ಲಿ ಮಾರ್ಚ್ ಬಂತೆಂದರೆ ಲೈಬ್ರರಿ ಪುಸ್ತಕ ವಾಪಸ್ ತರಿಸುವ ಗಡಿಬಿಡಿ. ಏಪ್ರಿಲ್ 10ರ ಸುಮಾರಿಗೆ ಫಲಿತಾಂಶ ಹೇಳಿ ರಜೆ ಕೊಡುವಷ್ಟರಲ್ಲಿ ಬೀರುವಿಗೆ ಬೀಗ ಬಿದ್ದಿರುತ್ತದೆ. ಮತ್ತೆ ತೆಗೆಯುವುದು ದಾಖಲಾತಿ, ಪಠ್ಯಪುಸ್ತಕ ಹಂಚಿಕೆ ಎಲ್ಲ ಮುಗಿದ ಮೇಲೆ. ಓದಲು ಪುರುಸೊತ್ತಿರುವ ತಿಂಗಳುಗಳಲ್ಲೇ ಮಕ್ಕಳ ಕೈಗೆ ಪುಸ್ತಕ ಸಿಗುವುದಿಲ್ಲ.

ನಾನಿರುವ ದೆಹಲಿಯಲ್ಲಿ ಶಾಲೆಗಳ ಹೊಸ ವರ್ಷ ಏಪ್ರಿಲ್‌ನಲ್ಲೇ ಶುರು. ಮಾರ್ಚ್‌ನಲ್ಲಿ ಲೆಕ್ಕ ಮುಗಿಸಿ, ಏಪ್ರಿಲ್‌ನಲ್ಲಿ ಪುಸ್ತಕ ಕೊಡಬಹುದು. ಬೇಸಿಗೆ ರಜೆ ಬರುವುದು ಮೇ ತಿಂಗಳಲ್ಲಿ, ಶಾಲಾ ವರ್ಷ ನಡೆಯುತ್ತಿರುವಾಗಲೇ. ಹಾಗಾಗಿ ಪುಸ್ತಕ ರಜೆಗೆ ಮನೆಗೆ ಹೋಗುವುದಕ್ಕೆ ಅಲ್ಲಿ ಯಾವ ಅಡ್ಡಿಯೂ ಇಲ್ಲ. ನಮ್ಮ ಕರ್ನಾಟಕದಲ್ಲಿ ರಜೆಯೂ ಲೆಕ್ಕ ತೀರುವಳಿಯೂ ಒಟ್ಟಿಗೇ ಬೀಳುತ್ತವೆ, ತೊಡಕಿರುವುದು ಇಲ್ಲೇ.

ಇನ್ನೊಂದು ತೊಡಕು ಹೆದರಿಕೆ. ನಮ್ಮ ಕಡೆ ಲೈಬ್ರರಿ ಚಾರ್ಜ್ ಬಹಳ ಕಡೆ ಪಾಠ ಮಾಡುವ ಮೇಷ್ಟ್ರೊಬ್ಬರ ಹೆಗಲಿಗೇ. ‘ಕಳೆದರೆ ಯಾರು ಕಟ್ಟೋದು ಸಾರ್?’ ಎಂದು ಅವರು ಕೇಳುವುದರಲ್ಲಿ ತಪ್ಪೇನಿದೆ? ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ ಇದಕ್ಕೆ ಉತ್ತರವಿದೆ. 20,000 ಪುಸ್ತಕದವರೆಗಿನ ಲೈಬ್ರರಿಯಲ್ಲಿ ಪ್ರತಿವರ್ಷ ಪೂರ್ತಿ ಎಣಿಕೆ ಆಗಬೇಕು. ಓದಿಗೆ ಹೋದ ಸಾವಿರ ಪುಸ್ತಕಕ್ಕೆ ಐದು ಕಳೆದರೆ, ಅಪ್ರಾಮಾಣಿಕತೆ ನಿರ್ಲಕ್ಷ್ಯ ಇಲ್ಲದಿದ್ದಲ್ಲಿ, ಅದು ಸಹಜ ನಷ್ಟ. ಇಂಥದ್ದೊಂದು ಮಾತು ನಮ್ಮ ಶಾಲೆಗಳಿಗೂ ಬರಹದಲ್ಲಿ ಬೇಕು. ಅಲ್ಲಿಯವರೆಗೆ, ರಜೆಗೆ ಪುಸ್ತಕ ಕೊಡುವ ತೀರ್ಮಾನವನ್ನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯ ನಡಾವಳಿಯಲ್ಲಿ ಬರೆಸಿಬಿಡಿ. ಹೊಣೆ ಒಬ್ಬರ ಮೇಲೇ ಬೀಳುವುದಿಲ್ಲ.

ಎಣಿಕೆಗೆ ದೊಡ್ಡ ದಾಸ್ತಾನು ವಹಿ ಹಿಡಿದು ಪುಸ್ತಕ ಹುಡುಕುತ್ತ ಕೂತರೆ ವಾರವಾದರೂ ಮುಗಿಯದು. ವಹಿಯಲ್ಲಿರುವುದು ಖರೀದಿಯ ಕ್ರಮ, ಬೀರುವಿನಲ್ಲಿರುವುದು ವಿಷಯದ ಕ್ರಮ. ತಿರುವು ಮುರುವು ಮಾಡಿ. ಹಾಳೆಗಳ ಮೇಲೆ 1ರಿಂದ ಕೊನೆಯವರೆಗೆ ಬರೀ ದಾಖಲೆ ಸಂಖ್ಯೆ, ಅಂದರೆ ವಹಿಯಲ್ಲಿ ಪ್ರತಿ ಪುಸ್ತಕಕ್ಕೂ ಕೊಟ್ಟಿರುವ ನಂಬರು, ಬರೆದುಕೊಳ್ಳಿ. ಒಬ್ಬರು ಪುಸ್ತಕ ತೆಗೆದು ಸಂಖ್ಯೆ ಕೂಗಲಿ, ಇನ್ನೊಬ್ಬರು ಹೊಡೆದುಹಾಕಲಿ. ಒಂದಕ್ಕೆ ಹತ್ತು ಸೆಕೆಂಡು ಹಿಡಿದರೂ ಸಾವಿರ ಪುಸ್ತಕ ಮೂರು ಗಂಟೆಯೊಳಗೆ ಆಗುತ್ತದೆ. ಕೊನೆಗೆ ಹಾಳೆಯಲ್ಲಿ ಉಳಿದ ಸಂಖ್ಯೆಗಳನ್ನು ವಿತರಣಾ ವಹಿಯಲ್ಲಿ ನೋಡಿದರೆ ಯಾರ ಬಳಿ ಇದೆ, ಯಾವುದು ನಿಜಕ್ಕೂ ಇಲ್ಲ ಅನ್ನುವುದು ತಿಳಿಯುತ್ತದೆ. ಇದನ್ನು ಫೆಬ್ರವರಿಯಲ್ಲೇ ಮುಗಿಸಿದರೆ ಮಾರ್ಚ್ ಹಗುರ.

ಎಸ್ಸೆಸ್ಸೆಲ್ಸಿ ಮಕ್ಕಳಿಂದ ಪರೀಕ್ಷೆಗೆ ಮುಂಚೆಯೇ ಪುಸ್ತಕ ವಾಪಸ್ ಪಡೆಯಬೇಕು. ಟಿಸಿ ತೆಗೆದುಕೊಂಡು ಬೇರೆ ಶಾಲೆಗೆ ಹೋಗುವವರಿಗೂ ರಜೆಗೆ ಕೊಡುವುದು ಬೇಡ, ಹೆಚ್ಚಿನ ಪುಸ್ತಕ ಕಳೆಯುವುದು ಅಲ್ಲೇ. ಉಳಿದವರಿಗೆ ತಲಾ ಎರಡು. ವಹಿಯಲ್ಲಿ ‘ಬೇಸಿಗೆ ವಿತರಣೆ’ ಎಂದು ಬೇರೆ ಪುಟ ತೆರೆದು ಸಂಖ್ಯೆ, ಹೆಸರು, ಊರು, ಪೋಷಕರ ಮೊಬೈಲ್ ಬರೆದರೆ ಸಾಕು. ಹರಿದ ಪುಟಕ್ಕೆ ಸೆಲ್ಲೋಟೇಪ್ ಮಾತ್ರ ಹಚ್ಚಬೇಡಿ. ನಮ್ಮ ಬಿಸಿಲಿಗೆ ಗೋಂದು ಒಸರಿ ಪಕ್ಕದ ಹಾಳೆಗೂ ಅಂಟುತ್ತದೆ, ಆಮೇಲೆ ಹಳದಿಗಟ್ಟಿ ಟೇಪೂ ಉದುರುತ್ತದೆ, ಅಕ್ಷರವೂ ಹೋಗುತ್ತದೆ. ತೆಳು ಕಾಗದದ ಪಟ್ಟಿಗೆ ಮೈದಾ ಅಂಟು ಸವರಿ ಹಚ್ಚಿ. ಹುಳ ಬಾರದಂತೆ ಅಂಟಿಗೆ ಚಿಟಿಕೆ ಮೈಲುತುತ್ತ ಬೇಕು, ಅದು ವಿಷವಾದ್ದರಿಂದ ಈ ಕೆಲಸ ದೊಡ್ಡವರೇ ಮಾಡಲಿ.

ಬೀಗ ಹಾಕಿಟ್ಟ ಪುಸ್ತಕ ಕ್ಷೇಮವಾಗಿರುತ್ತದೆ ಅನ್ನುವುದೂ ಸುಳ್ಳು. ಅಶ್ವಿನಿ, ಭರಣಿ, ಕೃತ್ತಿಕೆ ಮಳೆಗಳು ಬೀಳುವುದು ಸರಿಯಾಗಿ ಈ ರಜೆಯಲ್ಲೇ. ಹಂಚು ಸೋರುತ್ತದೆ, ಗೆದ್ದಲು ಗೋಡೆ ಹಿಡಿದು ಕೆಳಗಿನ ತಟ್ಟೆಗೆ ಏರುತ್ತದೆ. ಬೀರುವನ್ನು ಗೋಡೆಯಿಂದ ನಾಲ್ಕು ಇಂಚು ಈಚೆ ಸರಿಸಿ, ಕೆಳತಟ್ಟೆ ಖಾಲಿ ಬಿಡಿ, ಭರಣಿ ಮಳೆ ಆದಮೇಲೆ ಒಮ್ಮೆ ಬಾಗಿಲು ತೆಗೆದು ನೋಡಿ.

ಶಾಲೆಯಲ್ಲಿ ಯಾರೂ ಇರುವುದಿಲ್ಲ ಎನ್ನುವ ಕಡೆ ಗ್ರಾಮ ಪಂಚಾಯಿತಿಯ ಲೈಬ್ರರಿ, ಅಂದರೆ ಅರಿವು ಕೇಂದ್ರ ಇದೆ. 2020ರ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಸಿಕ್ಕಿದೆ. ಐವತ್ತು ಪುಸ್ತಕ, ಎರಡು ಪ್ರತಿ ಪಟ್ಟಿ, ಎರಡೂ ಕಡೆಯವರ ಸಹಿ; ಒಂದು ಪೆಟ್ಟಿಗೆ ಏಪ್ರಿಲ್‌ನಲ್ಲಿ ಅಲ್ಲಿಗೆ ಹೋಗಿ ಜೂನ್‌ನಲ್ಲಿ ವಾಪಸ್ ಬರಲಿ.