ಫೇಲ್ ಆದ್ರ ಹೆಂಗ್ರೀ?

ಬೆಳಗಾವಿಯ ಇಂಜಿನಿಯರಿಂಗ್ ಕಾಲೇಜೊಂದರ ಗೇಟಿಗೆ ದೊಡ್ಡ ಬ್ಯಾನರ್ ಬಿದ್ದಿದೆ: ‘ಎಐನಲ್ಲಿ ಪೇಟೆಂಟ್ ಪಡೆದ ನಮ್ಮ ಸಂಶೋಧಕರಿಗೆ ಅಭಿನಂದನೆಗಳು!’ ಕೆಳಗೆ ಎಂಟು ಫೋಟೊ. ಕಂಪ್ಯೂಟರ್ ವಿಭಾಗದವರು ಒಬ್ಬರೇ. ಉಳಿದವರು ಸಿವಿಲ್, ಮೆಕ್ಯಾನಿಕಲ್, ಲೈಬ್ರರಿ. ಎಲ್ಲರಿಗಿಂತ ದೊಡ್ಡ ಫೋಟೊ ಪ್ರಿನ್ಸಿಪಾಲರದು. ಹೆಸರು ಸೇರಿಸಲು ಏಜೆಂಟರ ಹತ್ತಿರ ರೇಟು ಇದೆಯಂತೆ, ಮೊದಲ ಹೆಸರಿಗೆ ಜಾಸ್ತಿ.

ಕಂಡುಹಿಡಿದದ್ದೇನು? ಕುಂದಾ ಹದಕ್ಕೆ ಬಂತೋ ಇಲ್ಲವೋ ಹೇಳುವ ಎಐ ಯಂತ್ರ. ಯಂತ್ರ ಎಲ್ಲಿ ಎಂದು ಕೇಳಬೇಡಿ, ಚಿತ್ರ ಇದೆ. ಮೂರು ಚೌಕ, ಎರಡು ಬಾಣ. ಮೊದಲ ಚೌಕದಲ್ಲಿ ‘ಕ್ಯಾಮೆರಾ’, ಕೊನೆಯದರಲ್ಲಿ ‘ಫಲಿತಾಂಶ’. ನಡುವಿನದರಲ್ಲಿ ‘ಎಐ’, ಅಷ್ಟೇ. ಬಾಣಲೆ ಮುಂದೆ ಕುಂದಾ ತಿರುವುವವರು ಇದನ್ನು ಮೂಗಿನಿಂದಲೇ ಹೇಳುತ್ತಾರೆ. ಪಾಪ, ಅವರ ಮೂಗಿಗೆ ಪೇಟೆಂಟ್ ಇಲ್ಲ.

ಅಸಲಿಗೆ ಇವರಿಗೂ ಇಲ್ಲ. ಆಗಿರುವುದು ಅರ್ಜಿ ಪ್ರಕಟ, ಅಷ್ಟೇ. ಅರ್ಜಿ ಹಾಕಿ ಸುಮ್ನೆ ಕೂತರೂ 18 ತಿಂಗಳಾದ ಮೇಲೆ ಅದು ಪೇಟೆಂಟ್ ಜರ್ನಲ್‌ನಲ್ಲಿ ಬರುತ್ತದೆ. ಅಷ್ಟು ತಾಳ್ಮೆ ಇಲ್ಲದವರು ಫಾರ್ಮ್ 9 ತುಂಬಿ ದುಡ್ಡು ಕಟ್ಟಿದರೆ ತಿಂಗಳೊಪ್ಪತ್ತಿನಲ್ಲೇ. ಅದರಲ್ಲಿ ಹುರುಳಿದೆಯಾ ಎಂದು ಅಲ್ಲಿವರೆಗೆ ಯಾರೂ ನೋಡಿರುವುದಿಲ್ಲ. ‘ಪರೀಕ್ಷಿಸಿ’ ಎಂದು ಫಾರ್ಮ್ 18 ಹಾಕಿ ನಾವೇ ಕೇಳಬೇಕು. ಕೇಳದಿದ್ದರೆ ಅರ್ಜಿ ವಾಪಸ್ ಪಡೆದಂತೆ ಲೆಕ್ಕ. ಕೇಳಿದರೆ 1970ರ ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಕೆ) ಅಡ್ಡ ಬರಬಹುದು, ಬರೀ ಅಲ್ಗಾರಿದಮ್‌ಗೆ, ಅಂದರೆ ಕಂಪ್ಯೂಟರಿನ ಲೆಕ್ಕದ ಹಂತಗಳಿಗೆ, ಪೇಟೆಂಟ್ ಕೊಡುವುದಿಲ್ಲ. ಕಾಲೇಜುಗಳಿಗೆ ಕೇಂದ್ರ ಸರ್ಕಾರ ಕೊಡುವ ಎನ್‌ಐಆರ್‌ಎಫ್ ರ್‍ಯಾಂಕಿಂಗ್‌ನಲ್ಲಂತೂ ಪ್ರಕಟವಾದ ಅರ್ಜಿಗೂ ಅಂಕ ಉಂಟು. ಮತ್ತೆ ಯಾಕೆ ಕೇಳಬೇಕು, ಅಲ್ವಾ?

ಸನ್ಮಾನ ಜೋರಾಗಿಯೇ ನಡೆಯಿತು. ಶಾಲು, ಹಾರ, ರುಮಾಲು. ಪ್ರಿನ್ಸಿಪಾಲರು ಮೈಕ್ ಹಿಡಿದರು: “ವಿಶ್ವಸಂಸ್ಥೆಯ ಬೌದ್ಧಿಕ ಆಸ್ತಿ ಸಂಸ್ಥೆ ವೈಪೊದವ್ರು ಪೇಟೆಂಟ್ ಲೆಕ್ಕಾ ಕೊಟ್ಟಾರ. 2014ರಿಂದ 2023ರ ತನಕ ಬರಹ, ಚಿತ್ರ ತಯಾರಿಸೂ ಜನರೇಟಿವ್ ಎಐದಾಗ ಚೀನಾದ್ದು 38,000ಕ್ಕೂ ಜಾಸ್ತಿ, ನಮ್ಮ ದೇಶದ್ದು 1,350! ಈ ಅಂತರಾ ನಾವ ತುಂಬಬೇಕು. ಮಾರ್ಚ್ ಒಳಗ ಒಂದೊಂದು ಡಿಪಾರ್ಟ್‌ಮೆಂಟಿನಿಂದ ಹತ್ತತ್ತು!” ಭಾರೀ ಚಪ್ಪಾಳೆ. ಎಐ ಓಡಿಸಲು ಬೇಕಾದ ಚಿಪ್ ಜಿಪಿಯು, ಕಾಲೇಜಿನಲ್ಲಿ ಇರುವುದು ಒಂದೇ, ಅದೂ ಬೀಗ ಹಾಕಿದ ಲ್ಯಾಬಿನಲ್ಲಿದೆ. ಇನ್‌ಸ್ಪೆಕ್ಷನ್ ಬಂದಾಗ ಮಾತ್ರ ತೆಗೆದು ಧೂಳು ಒರೆಸುತ್ತಾರೆ. ಚೀನಾಕ್ಕೆ ಈ ವಿಷಯ ಗೊತ್ತಾಗಬಾರದು.

ಚಹಾ ಹೊತ್ತಿಗೆ ಹೊಸದಾಗಿ ಸೇರಿದ ಲೆಕ್ಚರರ್ ಒಬ್ಬರು ಮೆಲ್ಲಗೆ ಕೇಳಿದರು, “ಸರ, ಪರೀಕ್ಷೆಗೂ ಅರ್ಜಿ ಹಾಕೂಣೇನ್ರೀ?”

ಪ್ರಿನ್ಸಿಪಾಲರ ಕೈಯಲ್ಲಿದ್ದ ಕಪ್ ಅಲ್ಲೇ ನಿಂತಿತು. “ಫೇಲ್ ಆದ್ರ ಹೆಂಗ್ರೀ? ಆ ಉಸಾಬರಿ ನಿಮಗ್ಯಾಕ? ಸೋಮವಾರದೊಳಗ ಇನ್ನೊಂದು ಹಾಕ್ರಿ. ಈ ಸಲ ಗೋಕಾಕ ಕರದಂಟಿನ ಮ್ಯಾಲ.”