ಸತ್ಯಾಂಶ: ಕಂಪ್ಯೂಟರ್‌ಗಳು ಗುಟ್ಟಿನ ಭಾಷೆ ಕಟ್ಟಿಕೊಂಡವಾ?

ಕೊಡಗಿನ ಕಾಫಿ ರೇಟಿನ ವಾಟ್ಸಾಪ್ ಗ್ರೂಪಲ್ಲೂ ಇದು ಆಗಾಗ ಬರುತ್ತದೆ: ಎರಡು ಕಂಪ್ಯೂಟರ್‌ಗಳು ಗುಟ್ಟಾಗಿ ಮಾತಾಡಿಕೊಂಡವು, ವಿಜ್ಞಾನಿಗಳು ಹೆದರಿ ಆಫ್ ಮಾಡಿದರು ಅಂತ. ಹೆದರಿದ್ದು ಸುಳ್ಳು. ಈ ಕಥೆ ಹುಟ್ಟಿದ್ದು ಫೇಸ್‌ಬುಕ್ ಕಂಪನಿಯ 2017ರ ಒಂದು ಪ್ರಯೋಗದಿಂದ. ಅದರಲ್ಲಿ ಎರಡು ಪ್ರೋಗ್ರಾಂಗಳು ಪುಸ್ತಕ, ಟೋಪಿ, ಚೆಂಡು ಹಂಚಿಕೊಳ್ಳಲು ಚೌಕಾಸಿ ಮಾಡುತ್ತಿದ್ದವು. ಸರಿಯಾದ ಇಂಗ್ಲಿಷ್‌ನಲ್ಲೇ ಮಾತಾಡಬೇಕು ಅನ್ನೋ ಕಟ್ಟುಪಾಡು ಇರಲಿಲ್ಲ. ಹಾಗಾಗಿ ‘ನನಗೆ ನನಗೆ ನನಗೆ’ ಅಂತ ಜಪಿಸತೊಡಗಿದವು. ಬೇಕಿದ್ದದ್ದು ಮನುಷ್ಯರ ಜೊತೆ ಮಾತಾಡುವ ಪ್ರೋಗ್ರಾಂ ಅಲ್ವಾ? ನಿಯಮ ಬದಲಿಸಿದರು, ಅಷ್ಟೇ.

ಯಂತ್ರಕ್ಕೆ ನಿಜವಾಗಿ ಅರ್ಥವಾಗುತ್ತದಾ ಅನ್ನೋ ವಾದ ತಿಳಿದವರಲ್ಲೇ ಇನ್ನೂ ಮುಗಿದಿಲ್ಲ. ಈ ಫಾರ್ವರ್ಡ್ ಮಾತ್ರ ಅದಕ್ಕೆ ಸಾಕ್ಷಿಯಲ್ಲ.

ಇಂಥದ್ದು ಬಂದರೆ ತಾರೀಖು, ಮೂಲ ಇದೆಯಾ ನೋಡಿ. ಮುಖ್ಯ ಪದಗಳ ಜೊತೆ ‘ಫ್ಯಾಕ್ಟ್ ಚೆಕ್’ ಸೇರಿಸಿ ಹುಡುಕಿ. ಫೋನಿನ ಚಾಟ್‌ಬಾಟನ್ನೂ ಪರೀಕ್ಷಿಸಬಹುದು: ನಿಮಗೆ ಚೆನ್ನಾಗಿ ಗೊತ್ತಿರುವ ಕಡಂಬುಟ್ಟಿನ (ಕೊಡಗಿನ ಅಕ್ಕಿ ತರಿ ಕಡುಬು) ಬಗ್ಗೆ ಕೇಳಿ, ಆಮೇಲೆ ಅದೇ ಪ್ರಶ್ನೆಯನ್ನು ಬೇರೆ ಮಾತಲ್ಲಿ ಕೇಳಿ, ಎರಡೂ ಉತ್ತರ ಒಂದಕ್ಕೊಂದು ಹೊಂದುತ್ತವಾ ಅಂತ ಹೋಲಿಸಿ.